ಪ್ರಕ್ರಿಯೆ, ಪ್ರಕರಣ ಮತ್ತು ವಿಷಯ ನಿರ್ವಾಹಕ



ತಾಲ್ಲೂಕು ಕಚೇರಿಗೆ ಕೆಲಸವಿಟ್ಟುಕೊಂಡು ಹೋದವರೆಲ್ಲ ಈ ಪ್ರಶ್ನೆ ಕೇಳಿಸಿಕೊಂಡಿರುತ್ತೀರಿ: “ನಿಮ್ಮ ಕೇಸ್ ವರ್ಕರ್ ಯಾರು?” ಆ ಮೇಜಿನಲ್ಲಿ ಕೂತವರು ಪ್ರಥಮ ದರ್ಜೆ ಸಹಾಯಕರಿರಬಹುದು, ದ್ವಿತೀಯ ದರ್ಜೆಯವರಿರಬಹುದು. ನಿಮ್ಮ ಅರ್ಜಿ ಕಡತವಾಗಿ ಅವರ ಮುಂದೆ ಬಂದ ಗಳಿಗೆಯಿಂದ, ಕಚೇರಿಯ ಕನ್ನಡದಲ್ಲಿ, ಅವರು ವಿಷಯ ನಿರ್ವಾಹಕರು. ಕಡತದ ಒಂದು ಬದಿಗೆ ಟಿಪ್ಪಣಿ ಹಾಳೆ, ಇನ್ನೊಂದು ಬದಿಗೆ ಪತ್ರವ್ಯವಹಾರ. ಬರೆಯುವ ಒಂದೊಂದು ಪ್ಯಾರಾಕ್ಕೂ ಕಂಡಿಕೆ ಸಂಖ್ಯೆ. ಕೊನೆಗೆ “ಸೂಕ್ತ ಆದೇಶಕ್ಕಾಗಿ ಕಡತ ಮಂಡಿಸಿದೆ” ಎಂದು ಬರೆದು, ಚಿಕ್ಕ ರುಜು ಹಾಕಿ, ತಾರೀಕು ನಮೂದಿಸಿ ಮೇಲಕ್ಕೆ ಕಳಿಸುತ್ತಾರೆ. ಮೇಲಿನವರಿಗೆ ಒಪ್ಪಿಗೆಯಾಗದಿದ್ದರೆ ‘ಚರ್ಚಿಸಿ’ ಎಂಬ ಒಂದೇ ಮಾತು ಹೊತ್ತು ಕಡತ ಕೆಳಕ್ಕಿಳಿಯುತ್ತದೆ.

ನಮ್ಮ ತಂದೆ ಇಪ್ಪತ್ತೆಂಟು ವರ್ಷ ಈ ಕೆಲಸ ಮಾಡಿದರು. ನಾನು ಬೆಂಗಳೂರಿನಲ್ಲಿ ಕೂತು ಬ್ಯಾಂಕು, ವಿಮೆ ಕಂಪನಿಗಳಿಗಾಗಿ ಇದೇ ಕೆಲಸವನ್ನು ಕಂಪ್ಯೂಟರಿನಲ್ಲಿ ನಡೆಸುವ ತಂತ್ರಾಂಶ ಕಟ್ಟಿದೆ. ನಮ್ಮ ಉದ್ಯಮದಲ್ಲಿ ಇದರ ಹೆಸರು ಬಿಸಿನೆಸ್ ಪ್ರೊಸೆಸ್ ಮ್ಯಾನೇಜ್‌ಮೆಂಟ್, ಬಾಯಿಮಾತಿನಲ್ಲಿ ಬಿಪಿಎಂ. ಅಪ್ಪನದೂ ನನ್ನದೂ ಒಂದೇ ಕಸುಬು ಎಂದು ನನಗೆ ಹೊಳೆದದ್ದು ತಡವಾಗಿ. ಹೊಳೆಯುವ ಹಾಗೆ ಮಾಡಿದ್ದು ಕರಾವಳಿಯಿಂದ ಬಂದ ಒಂದು ವಿಮೆ ಕ್ಲೇಮು. ಅದರ ಕಥೆಗೆ ಆಮೇಲೆ ಬರುತ್ತೇನೆ.

ಮೊದಲು ಎರಡು ಪದ. ಪ್ರಕ್ರಿಯೆ, ಪ್ರಕರಣ. ಎರಡೂ ಒಂದೇ ಸಂಸ್ಕೃತ ಧಾತುವಿಗೆ ಒಂದೇ ಉಪಸರ್ಗ ಹತ್ತಿ ಹುಟ್ಟಿದವು, ಅಕ್ಕತಂಗಿಯರಿದ್ದ ಹಾಗೆ. ಪ್ರಕ್ರಿಯೆ ಅಂದಾಗ ಕಣ್ಣೆದುರು ಬರುವುದು ದಾರಿ: ಮೊದಲು ಇದು, ಆಮೇಲೆ ಅದು. ಪ್ರಕರಣ ಅಂದಾಗ ಬರುವುದು ಯಾರೋ ಒಬ್ಬರಿಗೆ ಒದಗಿದ ಒಂದು ಸಂಗತಿ, ಅದರ ಕಾಗದಪತ್ರ, ಸಾಕ್ಷಿ, ಹಿಂದುಮುಂದುಗಳ ಸಮೇತ. ಕಳೆದ ಐವತ್ತು ವರ್ಷದಲ್ಲಿ ಕಚೇರಿಯ ತಂತ್ರಾಂಶ ಬೆಳೆದು ಬಂದದ್ದನ್ನು ನಾನು ಓದಿಕೊಳ್ಳುವುದು ಹೀಗೆ: ಅದು ದಾರಿಯನ್ನು ಬೇಗ ಕಲಿಯಿತು. ಪ್ರಕರಣವನ್ನು ಕಲಿಯಲು ಬಹಳ ಕಾಲ ಹಿಡಿಯಿತು, ಇನ್ನೂ ಪೂರ್ತಿ ಕಲಿತಿಲ್ಲ.

ಕೆಲಸವನ್ನು ನೋಡುವ ಈ ಎರಡೂ ಬಗೆ ಅಮೆರಿಕದಲ್ಲಿ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ರೂಪ ತಾಳಿದವು. 1917ರಲ್ಲಿ ಮೇರಿ ರಿಚ್ಮಂಡ್ ‘ಸೋಷಿಯಲ್ ಡಯಾಗ್ನೊಸಿಸ್’ ಎಂಬ ಪುಸ್ತಕ ಬರೆದರು. ಕಷ್ಟದಲ್ಲಿರುವ ಒಂದು ಕುಟುಂಬಕ್ಕೆ ನೆರವಾಗುವ ಮೊದಲು ಯಾರನ್ನು ಮಾತಾಡಿಸಬೇಕು, ಸಿಕ್ಕ ಸಾಕ್ಷ್ಯವನ್ನು ಹೇಗೆ ತೂಗಬೇಕು, ಏನನ್ನು ಬರೆದಿಡಬೇಕು ಎಂಬುದು ಅದರ ವಿಷಯ. ಸಮಾಜಕಾರ್ಯದಲ್ಲಿ ಕೇಸ್ ವರ್ಕ್ ಎನ್ನುವ ಮಾತು ಬೇರುಬಿಟ್ಟದ್ದು ಆಕೆಯ ಬರವಣಿಗೆಯಿಂದ. ನಾಲ್ಕು ವರ್ಷ ಕಳೆದು, 1921ರಲ್ಲಿ, ಫ್ರಾಂಕ್ ಗಿಲ್ಬ್ರೆತ್ ಪತ್ನಿ ಲಿಲಿಯನ್ ಜೊತೆಗೂಡಿ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ ಮುಂದೆ ‘ಪ್ರೊಸೆಸ್ ಚಾರ್ಟ್’ ಮಂಡಿಸಿದರು. ಗಿಲ್ಬ್ರೆತ್ ಗಾರೆ ಕೆಲಸದಿಂದ ಬಂದ ಮನುಷ್ಯ. ಒಂದು ಇಟ್ಟಿಗೆ ಇಡಲು ಕೈ ಮಾಡುತ್ತಿದ್ದ 18 ಚಲನೆಗಳನ್ನು ಐದಕ್ಕೆ ಇಳಿಸಿದವರು ಎಂದು ಹೆಸರಾದವರು. ಕೆಲಸವನ್ನು ಹೆಜ್ಜೆಹೆಜ್ಜೆಯಾಗಿ ಬಿಡಿಸಿ ಚಿತ್ರವಾಗಿ ಬರೆದರೆ ಬೇಡದ ಹೆಜ್ಜೆ ತಾನಾಗಿ ಕಾಣುತ್ತದೆ ಎಂಬುದು ಅವರ ನಂಬಿಕೆ.

ಕಂಪ್ಯೂಟರು ಬಂದಾಗ ಅದು ಗಿಲ್ಬ್ರೆತ್‌ರ ಹಿಂದೆ ಹೋಯಿತು. ದಾರಿಯನ್ನು ಚಿತ್ರವಾಗಿ ಬರೆಯಬಹುದು, ಚಿತ್ರವನ್ನು ಗಣಿತವಾಗಿಸಬಹುದು, ಗಣಿತವನ್ನು ಯಂತ್ರಕ್ಕೆ ಉಣಿಸಬಹುದು. ಜರ್ಮನಿಯ ಕಾರ್ಲ್ ಆಡಮ್ ಪೆಟ್ರಿ 1962ರ ತಮ್ಮ ಪ್ರಬಂಧದಲ್ಲಿ ಇದಕ್ಕೆ ಒದಗುವ ಗಣಿತ ಕೊಟ್ಟರು. ಅದರಿಂದ ಬೆಳೆದದ್ದು ಪೆಟ್ರಿ ಜಾಲ: ವೃತ್ತ, ಗೆರೆ, ಬಾಣ, ಅವುಗಳ ನಡುವೆ ಓಡಾಡುವ ಬಿಲ್ಲೆಗಳು. 1977ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಝಿಸ್ಮನ್ ಅದೇ ಪೆಟ್ರಿ ಜಾಲವನ್ನು ಬಳಸಿ ಕಚೇರಿಯ ಕಾರ್ಯವಿಧಾನವನ್ನು ಯಂತ್ರಕ್ಕೆ ಹೇಳಿಕೊಡುವುದು ಹೇಗೆಂದು ಡಾಕ್ಟರೇಟ್ ಪ್ರಬಂಧ ಬರೆದರು. ಕ್ಯಾಲಿಫೋರ್ನಿಯಾದ ಜೆರಾಕ್ಸ್ ಪಾರ್ಕ್ ಪ್ರಯೋಗಾಲಯದಲ್ಲಿ ಕ್ಲಾರೆನ್ಸ್ ಎಲ್ಲಿಸ್ ಮತ್ತು ಅವರ ಗೆಳೆಯರು ಫಾರಮ್ಮುಗಳು ಮೇಜಿನಿಂದ ಮೇಜಿಗೆ ಪರದೆಯ ಮೇಲೇ ಸಾಗುವ ವ್ಯವಸ್ಥೆ ಕಟ್ಟಿ ನೋಡಿದರು. 1982ರಲ್ಲಿ ಹುಟ್ಟಿದ ಫೈಲ್‌ನೆಟ್ ಕಂಪನಿ ಕಾಗದವನ್ನು ಸ್ಕ್ಯಾನ್ ಮಾಡಿ, ಆ ಚಿತ್ರವನ್ನು ಸರದಿಯಿಂದ ಸರದಿಗೆ ದಾಟಿಸುವ ಯಂತ್ರಗಳನ್ನು ದೊಡ್ಡ ಕಚೇರಿಗಳಿಗೆ ಮಾರಿತು. ಕಾಗದ ಹೋಯಿತು. ಕಾಗದ ನಡೆಯುತ್ತಿದ್ದ ದಾರಿ ಮಾತ್ರ ಹಾಗೇ ಉಳಿಯಿತು, ತಿರುವು ತಿರುವೂ ಮೊದಲಿದ್ದಂತೆಯೇ.

ಇದನ್ನು ಗಟ್ಟಿಯಾಗಿ ಹೇಳಿದವರು ಮೈಕೆಲ್ ಹ್ಯಾಮರ್. 1990ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಬಂದ ಅವರ ಲೇಖನದ ಶೀರ್ಷಿಕೆಯೇ ಯಾಂತ್ರೀಕರಿಸಬೇಡಿ, ಅಳಿಸಿಹಾಕಿ ಎನ್ನುತ್ತಿತ್ತು. ಅದರಲ್ಲಿ ಮ್ಯೂಚುವಲ್ ಬೆನಿಫಿಟ್ ಲೈಫ್ ಎಂಬ ವಿಮೆ ಕಂಪನಿಯ ವಿಷಯ ಬರುತ್ತದೆ. ವಿದ್ಯಾರ್ಥಿಗಳು ಇದನ್ನು ನಿಧಾನವಾಗಿ ಕೇಳಬೇಕು ಎಂದು ನನ್ನ ಆಸೆ. ಅಲ್ಲಿ ಒಂದು ಪಾಲಿಸಿಯ ಅರ್ಜಿ 30 ಹಂತ ಹಾದು, 5 ವಿಭಾಗ ಸುತ್ತಿ, 19 ಜನರ ಕೈ ದಾಟಿ ಹೊರಗೆ ಬರುತ್ತಿತ್ತು. ಸಾಮಾನ್ಯವಾಗಿ 5ರಿಂದ 25 ದಿನ. ಇನ್ನೊಂದು ವಿಮೆ ಕಂಪನಿ ಲೆಕ್ಕ ಹಾಕಿ ನೋಡಿದಾಗ, 22 ದಿನ ಒಳಗಿದ್ದ ಅರ್ಜಿಯ ಮೇಲೆ ನಿಜವಾಗಿ ಕೆಲಸ ನಡೆದದ್ದು 17 ನಿಮಿಷ. ಮಿಕ್ಕದ್ದೆಲ್ಲ ಟ್ರೇನಲ್ಲಿ ಮಲಗಿದ್ದ ಹೊತ್ತು.

ಮ್ಯೂಚುವಲ್ ಬೆನಿಫಿಟ್ ಏನು ಮಾಡಿತು? ದಾರಿಯನ್ನು ಇನ್ನಷ್ಟು ಚುರುಕುಗೊಳಿಸಲು ಹೋಗಲಿಲ್ಲ. ‘ಕೇಸ್ ಮ್ಯಾನೇಜರ್’ ಎಂಬ ಹೊಸ ಹುದ್ದೆ ಸೃಷ್ಟಿಸಿತು. ಅರ್ಜಿ ಬಂದ ಗಳಿಗೆಯಿಂದ ಪಾಲಿಸಿ ಕೊಡುವವರೆಗೆ ಒಬ್ಬರೇ ಹೊಣೆ. ಅವರ ಮೇಜಿಗೆ ಒಂದು ಕಂಪ್ಯೂಟರು, ಅದರಲ್ಲಿ ಪರಿಣತರ ಜ್ಞಾನವನ್ನು ಅಡಕಮಾಡಿದ ತಂತ್ರಾಂಶ, ಬೇಕಾದ ಮಾಹಿತಿಗೆ ನೇರ ಸಂಪರ್ಕ. ಕಷ್ಟದ ಅರ್ಜಿ ಬಂದರೆ ಹಿರಿಯ ಅಂಡರ್‌ರೈಟರನ್ನೋ ವೈದ್ಯರನ್ನೋ ಕೇಳಬಹುದು. ಅವರು ಸಲಹೆ ಕೊಟ್ಟು ಹೋಗುತ್ತಾರೆ, ಅರ್ಜಿ ಮಾತ್ರ ಕೇಸ್ ಮ್ಯಾನೇಜರರ ಕೈ ಬಿಡುವುದಿಲ್ಲ. ಅರ್ಜಿಯೊಂದು ನಾಲ್ಕು ಗಂಟೆಯಲ್ಲಿ ಮುಗಿಯುವುದು ಸಾಧ್ಯವಾಯಿತು, ಸರಾಸರಿ ಅವಧಿ 2ರಿಂದ 5 ದಿನಕ್ಕಿಳಿಯಿತು. ಕ್ಷೇತ್ರ ಕಚೇರಿಗಳ 100 ಹುದ್ದೆಗಳೂ ಹೋದವು. ಅದನ್ನೂ ಹೇಳಲೇಬೇಕು. ಮರುವರ್ಷ, 1991ರಲ್ಲಿ, ಈ ಕಂಪನಿಯೇ ಸರ್ಕಾರದ ವಶಕ್ಕೆ ಹೋಯಿತು. ಅದಕ್ಕೆ ಕಾರಣ ಭೂಮಿ, ಕಟ್ಟಡಗಳಲ್ಲಿ ಹೂಡಿದ ಹಣವೇ ಹೊರತು ಕೇಸ್ ಮ್ಯಾನೇಜರರಲ್ಲ.

ಹ್ಯಾಮರ್ ಬರೆದ ಆ ಒಂದು ಪ್ಯಾರಾದಲ್ಲಿ ನಮ್ಮ ಉದ್ಯಮಕ್ಕೆ ಬೇಕಾದದ್ದೆಲ್ಲ ಇತ್ತು ಎಂದು ನನಗನ್ನಿಸುತ್ತದೆ. ಉದ್ಯಮ ಕೇಳಿಸಿಕೊಂಡದ್ದು ಮಾತ್ರ ‘ಅಳಿಸಿಹಾಕಿ’ ಎಂಬ ಮಾತನ್ನು. ಮುಂದಿನ ಹತ್ತು ವರ್ಷ ರೀಎಂಜಿನಿಯರಿಂಗ್ ಎಂದರೆ ನೌಕರರಿಗೆ ಮನೆಯ ದಾರಿ ತೋರಿಸುವುದು ಎಂಬ ಅರ್ಥ ನಿಂತುಹೋಯಿತು. ಇಡೀ ಅರ್ಜಿಯನ್ನು ಒಬ್ಬರ ಕೈಗೆ ಕೊಟ್ಟು ನಂಬುವುದು ಹೇಗೆ ಎಂಬ ಪಾಠ ಬದಿಗೆ ಸರಿಯಿತು.

ತಂತ್ರಾಂಶದವರು ಆಗ ಬೇರೆ ಕೆಲಸದಲ್ಲಿ ಮುಳುಗಿದ್ದರು. 1993ರಲ್ಲಿ ವರ್ಕ್‌ಫ್ಲೋ ಕಂಪನಿಗಳ ಒಕ್ಕೂಟ ಹುಟ್ಟಿತು, 1995ರಲ್ಲಿ ಅದರ ಮಾದರಿ ರಚನೆ ಬಂತು. 2002ರಲ್ಲಿ ಐಬಿಎಂ, ಮೈಕ್ರೋಸಾಫ್ಟ್, ಬಿಇಎ ಸೇರಿ ಬಿಪೆಲ್ ಎಂಬ ಭಾಷೆ ತಂದವು. ಅದು ಯಂತ್ರ ಯಂತ್ರದೊಡನೆ ಮಾತಾಡುವ ಭಾಷೆ. ಅದರ ಮೊದಲ ಆವೃತ್ತಿಯಲ್ಲಿ ಮನುಷ್ಯ ಮಾಡುವ ಕೆಲಸಕ್ಕೆ ಜಾಗವೇ ಇರಲಿಲ್ಲ. 2004ರಲ್ಲಿ ಬಂದ ಬಿಪಿಎಂಎನ್ ಎಂಬ ಚಿತ್ರಲಿಪಿ ಗೆದ್ದಿತು. 2011ರಲ್ಲಿ ಅದರ ಎರಡನೆಯ ಆವೃತ್ತಿ ಬಂತು, ಇವತ್ತಿಗೂ ಅದೇ ಚಲಾವಣೆಯಲ್ಲಿದೆ. ವೃತ್ತದಿಂದ ಹೊರಟು, ದುಂಡುಮೂಲೆಯ ಪೆಟ್ಟಿಗೆಗಳನ್ನು ಹಾದು, ವಜ್ರದಾಕಾರದ ಕವಲಿನಲ್ಲಿ ಹೌದು ಅಲ್ಲ ಎಂದು ಒಡೆದು, ಕೊನೆಯ ವೃತ್ತ ಮುಟ್ಟುವ ಚಿತ್ರ. ನಾನು ಅದರಲ್ಲಿ ನೂರಾರು ಬರೆದಿದ್ದೇನೆ. ಎಲ್ಲವೂ ಸರಿಯಾಗಿ ನಡೆದರೆ ಸಾಗುವ ಗೆರೆಗೆ ನಮ್ಮ ತಂಡಗಳಲ್ಲಿ ‘ಹ್ಯಾಪಿ ಪಾತ್’ ಎನ್ನುತ್ತೇವೆ. ಮೊದಲು ಅದನ್ನು ಕಟ್ಟಿ ಮುಗಿಸುತ್ತೇವೆ. ಉಳಿದದ್ದು ‘ಎಕ್ಸೆಪ್ಷನ್’, ಮುಂದಿನ ಬಿಡುಗಡೆಗೆ ನೋಡೋಣ.

ಈಗ ಆ ಕ್ಲೇಮು. ಕಂಪನಿಯ ಹೆಸರು ಬೇಡ, ಚಿತ್ರ ನನ್ನದು. ಮರಣದ ಕ್ಲೇಮಿಗೆ 14 ಪೆಟ್ಟಿಗೆಗಳ ದಾರಿ ಬರೆದಿದ್ದೆ. ಎರಡನೆಯ ಪೆಟ್ಟಿಗೆಯಲ್ಲಿ ಮರಣ ಪ್ರಮಾಣಪತ್ರದ ಸಂಖ್ಯೆ ತುಂಬಬೇಕು, ಪಕ್ಕದಲ್ಲಿ ಕೆಂಪು ಚುಕ್ಕಿ, ತುಂಬದಿದ್ದರೆ ‘ಮುಂದೆ’ ಎಂಬ ಬಟನ್ ಬೂದುಬಣ್ಣದಲ್ಲೇ ಇರುತ್ತದೆ. ತಂತ್ರಾಂಶ ಚಾಲ್ತಿಗೆ ಬಂದು ಒಂದು ವರ್ಷವಾಗುವ ಹೊತ್ತಿಗೆ, ಬಾಕಿ ಪಟ್ಟಿಯ ತುದಿಯಲ್ಲಿ ಒಂದು ಕ್ಲೇಮು ಅಲುಗಾಡದೆ ಕೂತಿತ್ತು. ಕರಾವಳಿಯ ಒಂದು ಶಾಖೆಯದು. ತಂತ್ರಾಂಶದಲ್ಲಿ ದೋಷವಿದೆಯೇ ನೋಡಿ ಬಾ ಎಂದು ನನ್ನನ್ನು ಕಳಿಸಿದರು.

ಮಳೆಗಾಲ ಶುರುವಾಗುವ ಮುನ್ನ ಕಡಲಿಗೆ ಹೋದ ಬೋಟು ಮಗುಚಿತ್ತು. ಜೊತೆಯವರನ್ನು ಇನ್ನೊಂದು ಬೋಟಿನವರು ಎತ್ತಿಕೊಂಡರು, ಒಬ್ಬ ಸಿಗಲಿಲ್ಲ. ದೇಹ ದಡಕ್ಕೆ ಬರಲೂ ಇಲ್ಲ. ದೇಹವಿಲ್ಲದೆ ಮರಣ ನೋಂದಣಿ ಹೇಗೆ? 2024ರವರೆಗೆ ಜಾರಿಯಲ್ಲಿದ್ದ 1872ರ ಸಾಕ್ಷ್ಯ ಅಧಿನಿಯಮದ 108ನೆಯ ಕಲಮಿನ ಪ್ರಕಾರ, ಏಳು ವರ್ಷ ಒಬ್ಬರ ಸುದ್ದಿಯೇ ಇಲ್ಲದಿದ್ದರೆ, ಬದುಕಿದ್ದಾರೆ ಎನ್ನುವವರೇ ಅದನ್ನು ರುಜುವಾತು ಮಾಡಬೇಕಿತ್ತು. ಅಲ್ಲಿಯವರೆಗೆ, ಕ್ಲೇಮು ಸಲ್ಲಿಸಿದ್ದ ಹೆಂಗಸಿನ ಗಂಡ ಕಾನೂನಿನ ಕಣ್ಣಿಗೆ ಕಾಣೆಯಾದವನು. ನನ್ನ ತಂತ್ರಾಂಶ ಹದಿನೈದು ದಿನಕ್ಕೊಮ್ಮೆ ತಪ್ಪದೆ ಆಕೆಗೆ ಪತ್ರ ಮುದ್ರಿಸುತ್ತಿತ್ತು: ದಯವಿಟ್ಟು ಮರಣ ಪ್ರಮಾಣಪತ್ರ ಸಲ್ಲಿಸಿ. ಒಂದೊಂದು ಪತ್ರ ತಲುಪಿದಾಗಲೂ ಆಕೆ ಬಸ್ಸು ಹಿಡಿದು, ಆ ಪತ್ರವನ್ನೇ ಹಿಡಿದುಕೊಂಡು ಶಾಖೆಗೆ ಬರುತ್ತಿದ್ದರು. ನಾನು ಹೋಗುವ ಹೊತ್ತಿಗೆ 21 ಪತ್ರಗಳಾಗಿದ್ದವು.

ಕ್ಲೇಮು ನೋಡಿಕೊಳ್ಳುತ್ತಿದ್ದವರು ನಡುವಯಸ್ಸಿನ ಮಹಿಳೆ. “ಬಟನ್ ಒತ್ಲಿಕ್ಕೆ ನನಗೆ ಸರ್ಟಿಫಿಕೇಟ್ ನಂಬರ್ ಬೇಕು ಸರ್. ಆ ಸರ್ಟಿಫಿಕೇಟ್ ಆಗ್ಲಿಕ್ಕೆ ಅವರಿಗೆ ಏಳು ವರ್ಷ ಬೇಕು” ಎಂದರು. ಆಮೇಲೆ ಡ್ರಾಯರ್ ಎಳೆದು ಟ್ಯಾಗ್ ಕಟ್ಟಿದ ಒಂದು ರಟ್ಟಿನ ಫೈಲು ತೆಗೆದು ಮೇಜಿನ ಮೇಲಿಟ್ಟರು. ಠಾಣೆಯಲ್ಲಿ ಕೊಟ್ಟ ದೂರಿನ ನಕಲು, ಬೋಟಿನ ಮಾಲೀಕನ ಹೇಳಿಕೆ, ಬದುಕಿ ಬಂದ ಇಬ್ಬರ ಹೇಳಿಕೆ, ಮೀನುಗಾರರ ಸಹಕಾರಿ ಸಂಘದ ಪತ್ರ. ಆ ಹೆಂಗಸು ಬಂದುಹೋದ ಪ್ರತಿ ಸಲದ ತಾರೀಕು, ಹೇಳಿದ ಮಾತು. ಎಲ್ಲಕ್ಕೂ ಕೈಬರಹದ ಟಿಪ್ಪಣಿ, ಟಿಪ್ಪಣಿಗಳಿಗೆ ಅಂಕಿ. ನಾನು ಕಟ್ಟಿದ ತಂತ್ರಾಂಶದಲ್ಲಿ ‘ಬಾಕಿ’ ಎಂಬ ಒಂದೇ ಪದವಿತ್ತು, ಪ್ರಕರಣ ಪೂರ್ತಿ ಡ್ರಾಯರಿನಲ್ಲಿತ್ತು. ಅಪ್ಪನ ಮೇಜು ನನಗೆ ನೆನಪಾದದ್ದು ಆಗ.

ಇಂಥ ಕ್ಲೇಮನ್ನು ಮೇಲಿನ ಕಚೇರಿ ಸಾಂದರ್ಭಿಕ ಸಾಕ್ಷ್ಯದ ಮೇಲೆ ತೀರ್ಮಾನಿಸಬಹುದು ಎಂದು ಕಂಪನಿಯ ನಿಯಮದಲ್ಲೇ ಇತ್ತು. ಕಾಗದದ ಕಾಲದಲ್ಲಿ ಒಂದು ವಿಶೇಷ ಟಿಪ್ಪಣಿ ಬರೆದು ಕಳಿಸುತ್ತಿದ್ದರಂತೆ. ಮತ್ತೆ ನನ್ನ ಚಿತ್ರದಲ್ಲಿ ಅದೇಕೆ ಬರಲಿಲ್ಲ? ವಿವರ ಕಲೆಹಾಕುವಾಗ ನಾನು ಎಲ್ಲ ಶಾಖೆಯವರನ್ನೂ ಕೇಳಿದ್ದು, “ಸಾಮಾನ್ಯವಾಗಿ ಏನು ಮಾಡುತ್ತೀರಿ?” ಎಂದು. ಅವರು ಸಾಮಾನ್ಯವಾಗಿ ಮಾಡುವುದನ್ನು ಪ್ರಾಮಾಣಿಕವಾಗಿ ಹೇಳಿದರು.

ಮಾನವಶಾಸ್ತ್ರಜ್ಞೆ ಲೂಸಿ ಸಚ್‌ಮನ್ ಇದನ್ನು 1983ರಲ್ಲೇ ಬರೆದಿಟ್ಟಿದ್ದರು, ಎಲ್ಲಿಸ್ ಕೆಲಸ ಮಾಡಿದ ಅದೇ ಜೆರಾಕ್ಸ್ ಪಾರ್ಕಿನಲ್ಲಿ ಕೂತು. ಲೆಕ್ಕಪತ್ರ ವಿಭಾಗದ ಗುಮಾಸ್ತರು ಕಾಗದ ಕಳೆದುಹೋದ ಒಂದು ಬಿಲ್ಲಿನ ಗೋಜಲನ್ನು ಬಿಡಿಸುವುದನ್ನು ಅವರು ಪಕ್ಕದಲ್ಲಿದ್ದು ಗಮನಿಸಿದ್ದರು. ಕ್ರಮಬದ್ಧ ದಾಖಲೆ ಕೆಲಸದ ಕೊನೆಗೆ ಸಿಗುವ ಫಲ, ಅದನ್ನೇ ಕೆಲಸ ನಡೆದ ದಾರಿ ಎಂದು ತಿಳಿಯಬಾರದು ಎಂದು ಅವರು ಕಂಡುಕೊಂಡರು. ನಾನು ಅದನ್ನು ಓದಿದ್ದು ಕರಾವಳಿಯಿಂದ ಹಿಂದಿರುಗಿದ ಮೇಲೆ.

ಓದಿದ ಇನ್ನೊಂದು ಬರಹ 2005ರದು. ನೆದರ್ಲೆಂಡ್ಸ್‌ನ ವಿಲ್ ವಾನ್ ಡೆರ್ ಆಲ್ಸ್ಟ್, ಜರ್ಮನಿಯ ಮಥಿಯಾಸ್ ವೆಸ್ಕೆ, ಅವರೊಡನೆ ಡಾಲ್ಫ್ ಗ್ರೂನ್‌ಬಾವರ್ ಸೇರಿ ‘ಕೇಸ್ ಹ್ಯಾಂಡ್ಲಿಂಗ್’ ಎಂಬ ವಿಚಾರ ಮಂಡಿಸಿದರು. ವರ್ಕ್‌ಫ್ಲೋ ತಂತ್ರಾಂಶ ನೌಕರನಿಗೆ ಅವನ ಹೆಜ್ಜೆಗೆ ಬೇಕಾದಷ್ಟನ್ನೇ ತೋರಿಸಿ, ಸುರಂಗದೊಳಗಿಂದ ನೋಡಿದಂತೆ ಮಾಡುತ್ತದೆ ಎಂಬುದು ಅವರ ಆಕ್ಷೇಪ. ಇಡೀ ಪ್ರಕರಣ ಎದುರಿಗಿರಲಿ, ಮುಂದೇನು ಎಂಬುದನ್ನು ಕೈಯಲ್ಲಿರುವ ಮಾಹಿತಿ ಹೇಳಲಿ ಎಂದರು ಅವರು. ನನಗೆ ಬಹಳ ಹಿಡಿಸಿದ್ದು ಅವರು ಅಧಿಕಾರವನ್ನು ಮೂರಾಗಿ ಒಡೆದದ್ದು. ಒಂದು ಹೆಜ್ಜೆಯನ್ನು ಮಾಡುವ ಅಧಿಕಾರ ಒಬ್ಬರಿಗೆ, ಮಾಡಿದ್ದನ್ನು ಬಿಚ್ಚಿ ಮತ್ತೆ ಮಾಡುವ ಅಧಿಕಾರ ಇನ್ನೊಬ್ಬರಿಗೆ, ಅದನ್ನು ಬಿಟ್ಟು ಮುಂದೆ ಹೋಗುವ ಅಧಿಕಾರ ಮತ್ತೊಬ್ಬರಿಗೆ ಇರಬಹುದು. ಹಿರಿಯ ಶಿರಸ್ತೇದಾರರೊಬ್ಬರನ್ನು ಕೇಳಿ ನೋಡಿ, ಕಚೇರಿ ನಡೆಯುವುದೇ ಹೀಗೆ ಎನ್ನುತ್ತಾರೆ.

2010ರಲ್ಲಿ ಕೀತ್ ಸ್ವೆನ್ಸನ್ ಸಂಪಾದಿಸಿದ ‘ಮಾಸ್ಟರಿಂಗ್ ದಿ ಅನ್‌ಪ್ರೆಡಿಕ್ಟಬಲ್’ ಪುಸ್ತಕ ಬಂತು. 2014ರಲ್ಲಿ, ಬಿಪಿಎಂಎನ್ ನೋಡಿಕೊಳ್ಳುವ ಅದೇ ಸಂಸ್ಥೆಯಿಂದ, ಪ್ರಕರಣಕ್ಕೆಂದೇ ಸಿಎಂಎಂಎನ್ ಎಂಬ ಚಿತ್ರಲಿಪಿ ಹೊರಬಿತ್ತು. ಅದರಲ್ಲಿ ಇಡೀ ಪ್ರಕರಣವನ್ನು ಬರೆಯುವ ಆಕಾರ ಯಾವುದು ಗೊತ್ತೇ? ಮೇಲೆ ಕಿವಿಯಿರುವ ಒಂದು ಫೈಲು. ಮೊದಲೇ ಯೋಜನೆಯಲ್ಲಿ ಸೇರಿದ ಕೆಲಸಕ್ಕೆ ಗಟ್ಟಿ ಗೆರೆ, ನಿರ್ವಾಹಕರ ವಿವೇಚನೆಗೆ ಬಿಟ್ಟದ್ದಕ್ಕೆ ತುಂಡುಗೆರೆ. ಸುತ್ತಿ ಬಳಸಿ ತಂತ್ರಾಂಶ ಕಡತದ ಬಾಗಿಲಿಗೇ ಬಂದಿತ್ತು.

ಆದರೆ ಅದನ್ನು ಬಳಸಿದವರು ಕಡಿಮೆ. ನನ್ನ ಅನುಭವದಲ್ಲಿ ಕಾರಣ ಸರಳ. ಬಿಪಿಎಂಎನ್ ಚಿತ್ರ ಎಡದಿಂದ ಬಲಕ್ಕೆ ಕಥೆ ಹೇಳುತ್ತದೆ, ಸಭೆಯಲ್ಲಿ ತೋರಿಸಿದರೆ ಎಲ್ಲರೂ ತಲೆದೂಗುತ್ತಾರೆ. ಸಿಎಂಎಂಎನ್ ಚಿತ್ರದಲ್ಲಿ ಮೊದಲು ಯಾವುದು, ಕೊನೆ ಯಾವುದು ಎಂದು ಕಣ್ಣಿಗೆ ಸಿಗುವುದಿಲ್ಲ. ‘ಇದು ಪರಿಸ್ಥಿತಿ ನೋಡಿಕೊಂಡು’ ಎಂಬ ಮಾತಿಗೆ ಹಣ ಮಂಜೂರು ಮಾಡಲು ವ್ಯವಸ್ಥಾಪಕರು ಹಿಂಜರಿಯುತ್ತಾರೆ.

ಇಷ್ಟು ಹೇಳಿ, ದಾರಿಯ ಪರವಾಗಿಯೂ ಮಾತಾಡದಿದ್ದರೆ ಅನ್ಯಾಯವಾಗುತ್ತದೆ. ಅದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆಯಿದೆ. 2001ರ ಹೊತ್ತಿಗೆ ನೆಲೆಗೊಂಡ ‘ಭೂಮಿ’ ಯೋಜನೆ ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತಂದಿತು. 15 ರೂಪಾಯಿಗೆ ಪಹಣಿ ಸಿಕ್ಕಿದ್ದನ್ನು ಎಲ್ಲರೂ ನೆನೆಯುತ್ತಾರೆ. ನನ್ನ ಕಣ್ಣಿಗೆ ಅದರಷ್ಟೇ ದೊಡ್ಡದು ಮ್ಯುಟೇಷನ್ ಅರ್ಜಿಗಳಿಗೆ ಹಾಕಿದ ಸರದಿಯ ಕಟ್ಟು: ಮೊದಲು ಬಂದದ್ದು ಮೊದಲು. ಯಾರ ಅರ್ಜಿ ಮೇಲೆ, ಯಾರದು ಕೆಳಗೆ ಎಂಬ ಚೌಕಾಸಿಗೆ ಅಲ್ಲಿ ಜಾಗ ಮುಚ್ಚಿತು. ವಿವೇಚನೆ ಎನ್ನುವುದು ಎಲ್ಲ ಕಡೆಯೂ ಕರುಣೆಯಾಗಿರುವುದಿಲ್ಲ. ಬಡವರ ಪಾಲಿಗೆ ಎಷ್ಟೋ ಸಲ ಅದು ಬೆಲೆ ಕಟ್ಟಿದ ಸರಕು. ಬಿಗಿಯಾದ ದಾರಿ ಅಂಥಲ್ಲಿ ನ್ಯಾಯವೇ. ಆದರೆ ಅದೇ ಮ್ಯುಟೇಷನ್ನಿಗೆ ಅಣ್ಣತಮ್ಮಂದಿರಲ್ಲಿ ಒಬ್ಬರು ತಕರಾರು ಸಲ್ಲಿಸಿದರೆ ಏನಾಗುತ್ತದೆ? ಅರ್ಜಿ ಸರದಿಯಿಂದ ಎದ್ದು ತಕರಾರು ಪ್ರಕರಣವಾಗುತ್ತದೆ. ನೋಟಿಸು, ಹಾಜರಿ, ವಿಚಾರಣೆ, ಹಳೆಯ ಪಾಲುಪಟ್ಟಿ, ಸಾಕ್ಷಿ. ಅಲ್ಲಿಂದ ಮುಂದೆ ಒಬ್ಬ ಅಧಿಕಾರಿ ಕೂತು ಕೇಳಲೇಬೇಕು. ಕಂದಾಯ ಕಾನೂನು ಬರೆದವರಿಗೆ ಈ ಗಡಿ ಸ್ಪಷ್ಟವಾಗಿ ಗೊತ್ತಿತ್ತು: ತಕರಾರಿಲ್ಲದ್ದು ದಾರಿಯಲ್ಲಿ ಹೋಗಲಿ, ತಕರಾರಿದ್ದದ್ದನ್ನು ಕೂತು ಕೇಳಿ.

2012ರ ಏಪ್ರಿಲ್ 2ರಿಂದ ಜಾರಿಗೆ ಬಂದ ಸೇವಾ ಖಾತರಿ ಯೋಜನೆ ‘ಸಕಾಲ’ವನ್ನೂ ಇದೇ ಬೆಳಕಿನಲ್ಲಿ ನೋಡುತ್ತೇನೆ. 151 ಸೇವೆಗಳಿಂದ ಶುರುವಾದ ಅದು ಪ್ರತಿ ಅರ್ಜಿಗೂ ಒಂದು ಸಂಖ್ಯೆ, ಒಂದು ಗಡುವು ಕೊಟ್ಟಿತು. ತಡವಾದರೆ ದಿನಕ್ಕೆ 20 ರೂಪಾಯಿ ಪರಿಹಾರ, ಹೆಚ್ಚೆಂದರೆ 500. ಅರ್ಜಿದಾರನಿಗೆ ಎದುರು ನಿಂತು ಕೇಳುವ ಹಕ್ಕು ಬಂದದ್ದು ಸಣ್ಣ ಮಾತಲ್ಲ. ಆದರೂ ಗಡಿಯಾರ ಅಳೆಯುವುದು ವಿಲೇವಾರಿಯನ್ನು, ವಿಲೇವಾರಿಯಲ್ಲಿ ಮಂಜೂರಾತಿಯೂ ಸೇರುತ್ತದೆ, ತಿರಸ್ಕಾರವೂ ಸೇರುತ್ತದೆ. ತಿರಸ್ಕಾರಕ್ಕೆ ಬರೆದ ಕಾರಣವನ್ನು ಯಾರಾದರೂ ಕೂತು ಓದುವವರೆಗೆ ಎರಡೂ ಪಟ್ಟಿಯಲ್ಲಿ ಒಂದೇ ಬಣ್ಣ.

ಈಗ ಕೃತಕ ಬುದ್ಧಿಮತ್ತೆಯ ಕಾಲ. ಇನ್ನೂರು ಪುಟದ ಕಡತ ಓದಿ ಅರ್ಧ ಪುಟದ ಸಾರ ಬರೆಯುವ ಯಂತ್ರಗಳು ಬಂದಿವೆ. ತುಂಡುಗೆರೆಯ ಕೆಲಸವನ್ನೂ ಅವು ಸೂಚಿಸಬಲ್ಲವು. ಅವುಗಳಿಂದ ವಿಷಯ ನಿರ್ವಾಹಕರಿಗೆ ಬಹಳ ಉಪಕಾರವಾಗುತ್ತದೆ ಎಂದು ನಾನು ನಂಬಿದ್ದೇನೆ. ಇಲ್ಲಿರುವ ವಿದ್ಯಾರ್ಥಿಗಳಲ್ಲಿ ಹಲವರು ಅವನ್ನೇ ಕಟ್ಟುತ್ತೀರಿ. ಕಟ್ಟುವಾಗ ಕಂಡಿಕೆಯ ಕೆಳಗಿನ ರುಜು ಯಾರದು ಎಂದು ಕೇಳಿಕೊಳ್ಳಿ. “ಹೀಗೇಕೆ ಮಾಡಿದಿರಿ?” ಎಂದು ಆ ಬಸ್ಸಿನಿಂದಿಳಿದ ಹೆಂಗಸು ಕೇಳಿದರೆ ಉತ್ತರ ಕೊಡುವವರ ಹೆಸರು ಪರದೆಯ ಮೇಲೆ ಇರಬೇಕು.

ಆ ಕ್ಲೇಮಿನ ಉಳಿದ ಭಾಗ ಹೇಳಿ ಮುಗಿಸುತ್ತೇನೆ. ಬೆಂಗಳೂರಿಗೆ ಬಂದು ನಾವು ತಂತ್ರಾಂಶಕ್ಕೆ ಎರಡು ವಿಷಯ ಸೇರಿಸಿದೆವು. ಒಂದು, ಯಾವ ಹಂತದಿಂದಲಾದರೂ ಕ್ಲೇಮನ್ನು ಕಾರಣ ಬರೆದು ಮೇಲಿನವರ ತೀರ್ಮಾನಕ್ಕೆ ಕಳಿಸುವ ಅವಕಾಶ. ಹೆಜ್ಜೆ ಬಿಟ್ಟು ಮುಂದೆ ಹೋಗುವ ಅಧಿಕಾರ ವಿಭಾಗೀಯ ವ್ಯವಸ್ಥಾಪಕರಿಗೆ, ಅವರ ಹೆಸರಿನಲ್ಲೇ. ಇನ್ನೊಂದು, ಅಂಕಿ ಹಾಕಿಕೊಂಡು ಬೆಳೆಯುವ ಟಿಪ್ಪಣಿ ಹಾಳೆ, ಯಾವ ಕೆಂಪು ಚುಕ್ಕಿಯೂ ಇಲ್ಲದ ಬರಿಯ ಜಾಗ. ಬರೆದದ್ದನ್ನು ಅಳಿಸಲು ಬರುವುದಿಲ್ಲ. ಮೂರು ತಿಂಗಳು ಹಿಡಿಯಿತು. ಹೊಸ ಆವೃತ್ತಿ ಚಾಲ್ತಿಗೆ ಬಂದ ದಿನ ಆ ಶಾಖೆಯ ಮಹಿಳೆ ಡ್ರಾಯರಿನ ಫೈಲನ್ನು ಹೊರತೆಗೆದು, ಒಂದೊಂದೇ ಕಾಗದ ಸ್ಕ್ಯಾನ್ ಮಾಡಿ, ಕೈಬರಹದ ಟಿಪ್ಪಣಿಗಳನ್ನೆಲ್ಲ ಟೈಪು ಮಾಡಿದರು. 31 ಕಂಡಿಕೆಗಳಾದವು. ಕೊನೆಯದರ ಕೆಳಗೆ ತಮ್ಮ ಹೆಸರು ಹಾಕಿ ಮೇಲಕ್ಕೆ ಕಳಿಸಿದರು. ಒಂಬತ್ತನೆಯ ದಿನ 32ನೆಯ ಕಂಡಿಕೆ ಬಂತು. ವಿಭಾಗೀಯ ವ್ಯವಸ್ಥಾಪಕರ ಹೆಸರು, ತಾರೀಕು, ಎರಡು ಪದ: “ಓದಿದ್ದೇನೆ. ಪಾವತಿಸಿ.”